ಅಳಿಸಬ್ಯಾಡ್ರಿ

ಗುಳೇದಗುಡ್ಡದ ನಮ್ಮ ಓಣ್ಯಾಗ
ಮುಂಜಾನಿ ಮಗ್ಗ ಎದ್ದಮ್ಯಾಲ ಯಾರೂ ಮಲಗಂಗಿಲ್ಲ.
ಆ ಸಪ್ಪಳದ ಮ್ಯಾಲ ದನಿ ಏರಿಸಿ ನಾ ಒದರತಿದ್ದೆ:
ಬೆಳಕಿನ ಪ್ರತಿಫಲನ, ಬೆಳಕಿನ ಪ್ರತಿಫಲನ,
ಹತ್ತು ಸಲ, ಕಣ್ಣು ಮುಚ್ಚಿ, ಮೈ ತೂಗಿ.
"ಭಾಳ ಓದತಾಳ ಬನವ್ವ" ಅಂತಿತ್ತು ಓಣಿ.
ಪರೀಕ್ಷಾದಾಗ ಆ ಪುಟ ಕಣ್ಣಮುಂದ ಬರತಿತ್ತು,
ಅಕ್ಷರ ಬರತಿರಲಿಲ್ಲ.

ಇಪ್ಪತ್ತೈದಕ್ಕ ಏಳು.
ಅಷ್ಟು ಓದಿನೂ ಏಳು ಅಂದ್ರ ತಪ್ಪು ಯಾರದು?
ಪುಸ್ತಕದ್ದಲ್ಲ, ಹೊತ್ತಿಂದಲ್ಲ.
ಉಳದಾಕಿ ನಾ ಒಬ್ಬಾಕಿ.

"ನನ್ನ ತಲಿಗೆ ವಿಜ್ಞಾನ ಹತ್ತಂಗಿಲ್ಲರಿ" ಅಂತ
ಯಾರರ ಅನ್ನೂಕಿಂತ ಮದಲ ನಾನ ಅಂತಿದ್ದೆ,
ಬೀಳೂದು ಖರೆ ಅಂದಮ್ಯಾಲ
ನೆಲಕ್ಕ ತಾನ ಕುಂತಂಗ.

ಕಟಗೇರಿ ಅಕ್ಕೋರು ವಾದ ಮಾಡಲಿಲ್ಲ.
ಹಳೇ ಪ್ರಶ್ನೆಪತ್ರಿಕಿ ಹೊಳ್ಳಿಸಿ
ಖಾಲಿ ಬದಿ ನನ್ನ ಮುಂದ ಇಟ್ಟರು.
"ಪುಸ್ತಕ ಮುಚ್ಚು. ನೆನಪಿದ್ದದ್ದು ಬರಿ."
ಬೆಲ್ಲು ಹೊಡಿಯೂ ತನಕ ಮೂರು ಸಾಲು,
ಅದರಾಗ ಒಂದು ತಪ್ಪು.
ಕೆಂಪು ಪೆನ್ನು ಅವರು ತಗೀಲೇ ಇಲ್ಲ.
"ಮೂರು ಅದಾವ. ಈಗ ಪುಸ್ತಕ ತಗಿ,
ಏನ ಬಿಟ್ಟಿ, ಹುಡಕು."

ಮೈ ಉರೀತು.
ಒದರೂದು ಛಲೋ ಇತ್ತು,
ಒದರುವಾಗ ಎಲ್ಲಾ ಬಂದಂಗ ಅನಸ್ತಿತ್ತು.
ಮುಚ್ಚಿದ ಪುಸ್ತಕದ ಮುಂದ
ನನ್ನ ಬಡತನ ನನಗ ಕಾಣತಿತ್ತು.
ಎರಡು ದಿನ ಮಾಡಿ ಬಿಟ್ಟೆ.

ಒಂದು ರಾತ್ರಿ ಖಣ ನೇಯೂವಾಗ
ನಡುವ ಅಪ್ಪನ ಮಗ್ಗ ನಿಂತಿತು.
ಮನಿ ತುಂಬ ನನ್ನ ದನಿ ಒಂದ ಉಳೀತು;
ಕೇಳಿದ್ರ, ಒಂದು ಶಬ್ದನೂ ನಂದಲ್ಲ.
ಕುಣ್ಯಾಗ ಕುಂತ ಅಪ್ಪ
ಹಾಸಿನ ಮ್ಯಾಲ ಬೆರಳಾಡಿಸತಿದ್ದ.
"ಎಷ್ಟು ಎಳಿ ಅದಾವಪ್ಪ?"
"ಯಾವ ಎಣಿಸ್ಯಾನ, ಸಾವಿರದ ಮ್ಯಾಲ."
"ಹರದಿದ್ದೊಂದು ಹೆಂಗ ಗೊತ್ತಾಗತೈತಿ?"
"ಬೆರಳಿಗೆ ಗೊತ್ತಾಗತೈತಿ. ಮದಲ ಆಗತಿರಲಿಲ್ಲ.
ನಿಮ್ಮಜ್ಜ ತಾನ ಒಂದು ಎಳಿ ಹರದು ಇಟ್ಟು
ಹುಡಕು ಅಂತಿದ್ದ."
ಉಗುಳು ಹಚ್ಚಿ ಗಂಟು ಹಾಕಿದ,
ಮಗ್ಗ ಮತ್ತ ನಡೀತು.
ನಾ ಪುಸ್ತಕ ಮುಚ್ಚಿದೆ.

ಐದು ಸಾಲು. ಮರುದಿನ ನಾಕು.
ಊಟದ ತಾಟು ತೊಳದು ಕಟ್ಟಿಮ್ಯಾಲ ಕುಂತು
ಶಾಬೇರಾ ಕೇಳತಿದ್ದಳು, ನಾ ಹೇಳತಿದ್ದೆ,
ಆಮ್ಯಾಲ ನಾ ಕೇಳತಿದ್ದೆ, ಆಕಿ ಉಗುರು ಕಡೀತಿದ್ದಳು.
ಹನ್ನೊಂದು ಸಾಲು. ಒಂದು ದಿನ, ಯಾಕೋ, ಆರ.
ಪತನ ಕೋನ ಬರತೈತಿ.
ನಿಮ್ನ ದರ್ಪಣದ ಚಿತ್ರ ಬರಂಗಿಲ್ಲ,
ಅದೂ ನಾಭಿಯ ಒಳಗ ವಸ್ತು ಇಟ್ಟಾಗ ಅಷ್ಟ.
ತಳ ಕಾಣದ ಬಾವಿ ಇತ್ತು ನನ್ನ ದಡ್ಡತನ,
ಈಗ ಅರ್ಧ ಪುಟದ ಅಳತಿ ಸಿಕ್ಕಿತು.
ವಿಜ್ಞಾನ ಹತ್ತಂಗಿಲ್ಲ ಅನ್ನೂ ಮಾತು
ಅಕ್ಕನ ಹಳೇ ಜಂಪರಿನಂಗ ಸಡ್ಲಾತು.
ಯಾರ ಅಳತಿಗೆ ಹೊಲಿಸಿದ್ದೋ!

ಇಪ್ಪತ್ತೈದಕ್ಕ ಹದಿಮೂರು.
ಯಾರೂ ಪೇಢೆ ಹಂಚಲಿಲ್ಲ.
"ಈಗೀಗ ದನಿನ ಇಲ್ಲ, ಬನವ್ವ ಓದೂದ ಬಿಟ್ಟಾಳ"
ಅಂತ ಓಣಿ ಮರುಗಿತು.

ಒಂದು ಸೋಮವಾರ, ಎರಡನೇ ಪಿರಿಯಡ್,
ಕಾಲು ನಡಗತಿದ್ದುವು, ಆದರೂ ಎದ್ದು ನಿಂತೆ.
"ಕನ್ನಡ್ಯಾಗ ಎಡಗೈ ಬಲಗೈ ಆಗತೈತಿ ಅಂದ್ರಿ.
ಮತ್ತ ತಲಿ ಯಾಕ ಕೆಳಗ ಆಗಂಗಿಲ್ಲರಿ?"
ಕ್ಲಾಸು ನಕ್ಕಿತು.
ಅಕ್ಕೋರು ನಗಲಿಲ್ಲ,
ಸುಣ್ಣದ ಕಡ್ಡಿ ಹಿಡಕೊಂಡು ಹಂಗ ನಿಂತರು.
"ಇದು ನನಗೂ ಸರಿಯಾಗಿ ಗೊತ್ತಿಲ್ಲ.
ಹುಡಕತೀನಿ. ನೀನೂ ಹುಡಕು."

ಬೋರ್ಡಿನ ಬಲ ಮೂಲ್ಯಾಗ ಪ್ರಶ್ನೆ ಬರದರು,
ಕೆಳಗ: ಬನಶಂಕರಿ, ಹತ್ತನೇ ಅ.
ಅದರ ಕೆಳಗ: ಅಳಿಸಬ್ಯಾಡ್ರಿ.

ಮೂರು ದಿನ ಇತ್ತು ಅದು.
ಬುಧವಾರ ಸಮಾಜದ ಸರ್ ಬಂದು
ನಕಾಶೆ ತಗೀಲಿಕ್ಕೆ ಹತ್ತಿದರು,
ಮೂಲಿಗೆ ಬಂದು ನಿಂತರು, ಓದಿದರು,
ಕೈ ಒಳಗ ತಗೊಂಡು ಗೆರಿ ಹೊಳ್ಳಿಸಿದರು.
ಅವತ್ತು ನಮ್ಮ ಕ್ಲಾಸಿನಾಗ
ಬಂಗಾಳ ಉಪಸಾಗರ ಒಂಚೂರು ಸಣ್ಣದಾತು.